ಕೊಟ್ರಮ್ಮನ ಕೀಲಿನಲ್ಲಿ ಕಳ್ಳನಿರಲಿಲ್ಲ

ಕೊಟ್ರಮ್ಮನ ಬಲಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ. ಕಾಯಿಲೆ ಹಾಗೆ ಮಾಡಿತು ಎಂದು ಊರಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಯಿಲೆ ಅವಳ ಹದಿನಾಲ್ಕು ಕೀಲುಗಳಿಗೆ ಬಂದಿತ್ತು. ಅದರಲ್ಲಿ ಹನ್ನೆರಡು ಕೀಲುಗಳು ಮಾತ್ರೆಗೆ ಮಣಿದವು. ಉಳಿದ ಎರಡು, ನಾವು ಅವಳನ್ನು ಕಚೇರಿಗೆ ಅಲೆದಾಡಿಸಿದ ಒಂಬತ್ತು ವಾರಗಳಲ್ಲಿ ಸವೆದುಹೋದವು. ಆ ಎರಡು ಬೆರಳನ್ನು ಕಚೇರಿಯ ಹೆಸರಿಗೆ ಬರೆಯಬೇಕು. ಆ ಕಚೇರಿಯಲ್ಲಿ ಮಸೂರದ ಮುಂದೆ ಕೂತಿದ್ದವಳು ನಾನೇ ಆದ್ದರಿಂದ ಬರೆಯಬೇಕಾದವಳೂ ನಾನೇ.

ನಮ್ಮೂರಿನಲ್ಲಿ ಕೀಲುಗಳ ಮೇಲಿನ ಚರ್ಮ ಗಾಜಿನಂತಿರುತ್ತದೆ. ಮಗುವಿಗೆ ಮೂರು ತಿಂಗಳು ತುಂಬುವಷ್ಟರಲ್ಲಿ ಬೆರಳ ಗಂಟು, ಮಣಿಕಟ್ಟು, ಮೊಣಕೈ, ಮೊಣಕಾಲು ಎಲ್ಲ ತಿಳಿಯಾಗಿ, ಒಳಗಿನ ಮೂಳೆಯ ತುದಿ, ಅದರ ಮೇಲಿನ ನುಣುಪಾದ ಹೊದಿಕೆ, ಸುತ್ತಲಿನ ತೆಳುವಾದ ಪೊರೆ ಕಾಣಿಸತೊಡಗುತ್ತವೆ. ಹೆಂಗಸರು ಮುಜುಗರಕ್ಕೆ ಮೊಣಕೈಗೆ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಹೆಸರು ಕೇಳುವ ಮೊದಲು ಬೆರಳು ಚಾಚಿಸಿ ನೋಡುತ್ತಾರೆ. ಬಿಸಿಲು ಒಳಗಿಳಿಯುತ್ತದೆಂದು ಹೊಲಕ್ಕೆ ಹೋಗುವವರು ಮೊಣಕಾಲಿಗೆ ಎಣ್ಣೆಬಟ್ಟೆ ಸುತ್ತುತ್ತಾರೆ. ನಾನು ಓದಲು ಹೊರಗೆ ಹೋದಾಗ ಐದು ವರ್ಷ ಕೈಗವಸು ಹಾಕಿಕೊಂಡೇ ಪ್ರಯೋಗಾಲಯದಲ್ಲಿ ಕಳೆದೆ. ಆಮ್ಲಕ್ಕೆ ಹೆದರುವ ಹುಡುಗಿ ಎಂದು ಜೊತೆಯವರು ನಗುತ್ತಿದ್ದರು. ನಗಲಿ ಎಂದು ಸುಮ್ಮನಿದ್ದೆ.

ಆ ತಿಳಿ ಚರ್ಮದ ಕೆಳಗೆ ಓಡಾಡುವ ಬಿಳಿ ರಕ್ತಕಣಗಳನ್ನು ನಮ್ಮವರು ಕಾವಲಿನವರು ಎನ್ನುತ್ತಾರೆ. ಅವು ಬರಿಗಣ್ಣಿಗೆ ಕಾಣವು, ಒಳ್ಳೆಯ ಮಸೂರ ಬೇಕು. ಮುಳ್ಳು ಚುಚ್ಚಿದರೆ, ಕೀವಾದರೆ ಅವು ಗುಂಪುಗುಂಪಾಗಿ ಬಂದು ಸೇರುತ್ತವೆ. ಆಗ ಗಾಜು ಕೆಂಪಗೆ ಮಬ್ಬಾಗುತ್ತದೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಒಬ್ಬ ಆಳು ಯಜಮಾನಿಯ ಮೂಗುಬೊಟ್ಟಿನ ಹರಳು ಕದ್ದು, ಮೊಣಕಾಲಿನ ಪಕ್ಕ ಚರ್ಮ ಸೀಳಿ ಒಳಗೆ ತುರುಕಿಕೊಂಡಿದ್ದನಂತೆ. ಹತ್ತು ದಿನದಲ್ಲಿ ಮೊಣಕಾಲು ಮಬ್ಬಾಯಿತು, ಜನ ಹಿಡಿದರು, ಹರಳು ಸಿಕ್ಕಿತು. ಕಾವಲಿನವರು ಸುಮ್ಮನೆ ಸೇರುವುದಿಲ್ಲ ಎಂಬ ಮಾತು ಅಂದಿನಿಂದ ನಿಂತಿದೆ. ಒಂದು ಹರಳಿನ ಮೇಲೆ ಇಡೀ ಊರಿನ ಕಾನೂನು ಕಟ್ಟಿಬಿಟ್ಟರು. ಯಾರ ಕೀಲು ಮಬ್ಬಾದರೂ ಅವರು ಕೀಲುನೋಟದ ಕಚೇರಿಗೆ ಬರಬೇಕು, ಮುಚ್ಚಿಟ್ಟ ತಪ್ಪನ್ನು ಬರೆದುಕೊಡಬೇಕು, ಅದನ್ನು ಸಮಿತಿ ಒಪ್ಪಬೇಕು. ಒಪ್ಪಿದ ಮೇಲೆ ಕಾವಲನ್ನು ತಣಿಸುವ ಮಾತ್ರೆಗೆ ಚೀಟಿ ಸಿಗುತ್ತದೆ, ಸಂತೆಯ ದಿನ ಕಟ್ಟೆಯ ಮೇಲೆ ತಪ್ಪನ್ನು ಓದಿ ಹೇಳುತ್ತಾರೆ. ನೋವಿನ ಮಾತ್ರೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅದು ನೋವನ್ನು ಮರೆಸುತ್ತದೆ ಅಷ್ಟೆ, ಮೂಳೆಯ ಸವೆತವನ್ನು ತಡೆಯುವುದಿಲ್ಲ.

ಹನ್ನೊಂದು ವರ್ಷ ನಾನು ಆ ಕಚೇರಿಯ ವೀಕ್ಷಕಿಯಾಗಿದ್ದೆ. ಮಸೂರದ ಕೆಳಗೆ ಒಂದು ನೋಟಕ್ಕೆ ಎಷ್ಟು ಕಾವಲಿನವರು ಕಾಣುತ್ತಾರೆ ಎಂದು ಎಣಿಸಿ ಬರೆಯುವುದು ನನ್ನ ಕೆಲಸ. ಆರೋಗ್ಯವಾಗಿರುವ ಕೀಲಿನಲ್ಲಿ ಮೂರೋ ನಾಲ್ಕೋ ಕಾಣುತ್ತವೆ. ಮಬ್ಬಾದ ಕೀಲಿನ ಎಣಿಕೆ ನಲವತ್ತರ ಒಳಗಿದ್ದರೆ ಸಣ್ಣ ತಪ್ಪು ಹೇಳಿದರೆ ಸಾಕು, ನೂರರವರೆಗೆ ಮಧ್ಯಮ, ನೂರು ದಾಟಿದರೆ ಭಾರಿ ತಪ್ಪೇ ಬೇಕು. ಈ ಪಟ್ಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ನನಗಿಂತ ಹಿಂದೆ ಇದ್ದವರು ಅಂದಾಜಿನಲ್ಲಿ ಬರೆಯುತ್ತಿದ್ದರು. ನಾನು ಪ್ರತಿ ಕೀಲನ್ನೂ ಐದು ಕಡೆ ನೋಡಿ ಸರಾಸರಿ ತೆಗೆದೆ. ವನಮಾಲಾ ಬಂದ ಮೇಲೆ ಎಣಿಕೆ ಶುದ್ಧವಾಯಿತು ಎಂದು ಸಮಿತಿಯವರು ಹೊಗಳಿದರು, ಹೊಗಳಿಕೆ ನನಗೆ ಹಿತವಾಗಿತ್ತು. ಎಣಿಸುವುದು ನನ್ನದು, ತೀರ್ಮಾನ ಅವರದು ಎಂದುಕೊಂಡು ನೆಮ್ಮದಿಯಾಗಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ.

ಕೊಟ್ರಮ್ಮ ಕಾಜಾ ಹಾಕುವವಳು. ಅವಳ ಗಂಡ ಮಹಾರುದ್ರಪ್ಪ ಟೈಲರು. ಅವನು ಹೊಲಿದ ಅಂಗಿಗೆ ಗುಂಡಿಯ ತೂತು ಕತ್ತರಿಸಿ, ಅಂಚಿಗೆ ಒತ್ತಾಗಿ ದಾರ ಸುತ್ತಿ, ಗುಂಡಿ ಕೂರಿಸುವುದು ಅವಳ ಕೆಲಸ. ಊರಿನ ಉಳಿದ ಟೈಲರುಗಳ ಅಂಗಿಗಳೂ ಗಂಟುಕಟ್ಟಿ ಅವಳ ಮನೆಗೇ ಬರುತ್ತಿದ್ದವು. ಅವಳ ಕಾಜಾ ಬಟ್ಟೆ ಹರಿದರೂ ಹರಿಯುತ್ತಿರಲಿಲ್ಲ. ಆ ಚೈತ್ರದಲ್ಲಿ ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಬಂದರು.

“ಬೆಳಿಗ್ಗೆ ಎದ್ದಾಗ ಕೈ ನಂದೇ ಅಲ್ಲ ಅನ್ನಂಗಿರ್ತದೆ ಕಣವ್ವ,” ಎಂದಳು. “ಎರಡು ತಾಸು ಬಿಸಿನೀರಲ್ಲಿ ಅದ್ದಿಕೊಂಡು ಕೂತ್ರೆ ಸೂಜಿ ಹಿಡಿಯಂಗಾಗ್ತದೆ. ಅಷ್ಟೊತ್ತಿಗೆ ಇವರು ಮೂರು ಅಂಗಿ ಹೊಲಿದು ನನ್ನ ಮುಂದೆ ಒಗೆದಿರ್ತಾರೆ.”

“ಮೂರಲ್ಲ, ಎರಡು,” ಎಂದ ಮಹಾರುದ್ರಪ್ಪ.

“ಎರಡೂವರೆ ಅಂತ ಬರ್ಕೋ ವನಮಾಲವ್ವ. ಮೂರನೇದಕ್ಕೆ ತೋಳು ಹಚ್ಚಿರಲ್ಲ.”

ಅವಳ ಕೈಯನ್ನು ಮಸೂರದ ಕೆಳಗಿಟ್ಟೆ. ಎರಡೂ ಕೈಯಲ್ಲಿ ಒಂದೇ ಸಾಲಿನ ಗಂಟುಗಳು ಕೆಂಪಾಗಿ ಊದಿದ್ದವು. ಒಂದು ಕೈ ಇನ್ನೊಂದನ್ನು ಕನ್ನಡಿಯಲ್ಲಿ ನೋಡಿಕೊಂಡಂತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಎದುರಿಗೆ ಬಂದದ್ದನ್ನೆಲ್ಲ ನುಂಗುವ ದಪ್ಪ ಕಣಗಳು, ಅವುಗಳ ನಡುವೆ ನುಸುಳಿ ಒಂದರಿಂದೊಂದಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಕಣಗಳು, ಮೂಲೆಮೂಲೆಗಳಲ್ಲಿ ಓಣಿ ಕಟ್ಟಿಕೊಂಡು ಕೂತು ‘ಇದು ಪರಕೀಯ’ ಎಂಬ ಗುರುತನ್ನು ಎಡೆಬಿಡದೆ ತಯಾರಿಸುವ ಕಣಗಳು. ಆ ಗುರುತು ಅವಳ ಸ್ವಂತ ದೇಹದ ವಸ್ತುಗಳಿಗೇ ಅಂಟುತ್ತಿತ್ತು. ಒಂದೆರಡು ಪದರ ಇರಬೇಕಾದ ಒಳಪೊರೆ ಹತ್ತು ಪದರವಾಗಿ ಉಬ್ಬಿ, ಮೂಳೆಯ ಅಂಚಿಗೆ ನಾಲಿಗೆಯಂತೆ ಚಾಚಿಕೊಂಡಿತ್ತು. ಇದಕ್ಕೆ ಕಾಲೇಜಿನಲ್ಲಿ ನಾವು ಕಲಿತ ಹೆಸರು ರುಮಟಾಯ್ಡ್ ಸಂಧಿವಾತ. ನಾನು ಆ ಹೆಸರು ಬರೆಯಲಿಲ್ಲ. ನಮೂನೆಯಲ್ಲಿ ಕೇಳಿದ್ದು ಅಂಕಿ. ಐದು ಕಡೆ ಎಣಿಸಿ, ಕೂಡಿಸಿ, ಭಾಗಿಸಿ ಬರೆದೆ: ಇನ್ನೂರ ಅರವತ್ತು.

ಕಚೇರಿಯ ಹೊರಗಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಶಾಂತಪ್ಪ ಕೂರುತ್ತಿದ್ದ. ಊರಿನ ಅರ್ಧ ತಪ್ಪೊಪ್ಪಿಗೆಗಳು ಅವನ ಕೈಬರಹದಲ್ಲಿದ್ದವು. ಕಿಟಕಿಯಿಂದ ಅವನ ಮಾತು ನನಗೆ ಕೇಳುತ್ತಿತ್ತು.

“ಎಷ್ಟು ಬಂತು ತಂಗ್ಯವ್ವ?”

“ಇನ್ನೂರ ಅರವತ್ತಂತೆ.”

“ಅಯ್ಯೋ ಶಿವನೇ. ಹಾಲಿಗೆ ನೀರು ಬೆರೆಸಿದ್ದು ಇದಕ್ಕೆ ಎಲ್ಲೂ ಸಾಲಲ್ಲ.”

“ನಮ್ಮನೇಲಿ ಹಸುನೇ ಇಲ್ಲ ಕಣಣ್ಣ.”

“ಹಸು ಇಲ್ದೋರೂ ಬರೆಸ್ತಾರೆ, ಅದೇನು ನೋಡಾಕೆ ಬರ್ತಾರಾ? ನೀನು ಏನು ಮಾಡಿದೀಯ ಅಂತ ಯೋಚನೆ ಮಾಡಬೇಡ. ಸಮಿತಿಗೆ ಏನು ಹಿಡಿಸ್ತದೆ ಅನ್ನೋದು ನನಗೆ ಬಿಡು.”

ಕೊಟ್ರಮ್ಮ ಅವನಿಗೆ ಬಿಡಲಿಲ್ಲ. ಮನೆಗೆ ಹೋಗಿ ನಾಲ್ಕು ದಿನ ಯೋಚನೆ ಮಾಡಿ, ತಾನು ನಿಜವಾಗಿ ಮಾಡಿದ ಒಂದು ತಪ್ಪನ್ನು ಹುಡುಕಿದಳು. ಮದುವೆಯ ಅಂಗಿಗಳಿಗೆ ಜನ ತಂದುಕೊಟ್ಟ ರೇಷ್ಮೆ ದಾರದಲ್ಲಿ ಉಳಿದದ್ದನ್ನು ಹಿಂತಿರುಗಿಸದೆ ಕೂಡಿಟ್ಟು, ತನ್ನ ಒಂದು ಕುಪ್ಪಸಕ್ಕೆ ಹೂ ಹೆಣೆದುಕೊಂಡಿದ್ದಳು. ಮೂರು ವಾರದ ನಂತರದ ಮೊದಲ ಸಭೆಯಲ್ಲಿ ಅದನ್ನೇ ಹೇಳಿದಳು. ಆ ಕುಪ್ಪಸವನ್ನೂ ಮಡಚಿ ತಂದಿದ್ದಳು.

ಸಮಿತಿಯ ಮೂವರಲ್ಲಿ ಪಾಲಾಕ್ಷಯ್ಯನವರು ಅಧ್ಯಕ್ಷರು. ಯಾರಿಗೂ ಗಟ್ಟಿಯಾಗಿ ಮಾತಾಡದ, ನಿಯಮಪುಸ್ತಕವನ್ನು ಕರವಸ್ತ್ರದಲ್ಲಿ ಸುತ್ತಿ ತರುವ ಮನುಷ್ಯ. ಅವರು ಕುಪ್ಪಸವನ್ನು ಮುಟ್ಟಲಿಲ್ಲ.

“ತಾಯಿ, ಒಂದು ರೀಲು ದಾರಕ್ಕೆ ಇನ್ನೂರ ಅರವತ್ತು ಜನ ಕಾವಲಿನವರು ಬರ್ತಾರೇನಮ್ಮ?”

“ಅದನ್ನ ಅವರನ್ನೇ ಕೇಳ್ರಿ ಸ್ವಾಮಿ. ನಾನಂತೂ ಕರೆದಿಲ್ಲ.”

ನಿವೃತ್ತ ಮೇಷ್ಟ್ರೊಬ್ಬರು ಸಮಿತಿಯಲ್ಲಿದ್ದರು. ಅವರಿಗೆ ನಗು ಬಂತು, ತಕ್ಷಣ ಕೆಮ್ಮಿದರು. ಪಾಲಾಕ್ಷಯ್ಯನವರು ನಗಲಿಲ್ಲ. ಹೇಳಿಕೆ ಎಣಿಕೆಗೆ ತಕ್ಕುದಾಗಿಲ್ಲ, ಮುಂದಿನ ಸಭೆಗೆ ಯೋಚಿಸಿ ಬರುವುದು ಎಂದು ಬರೆಸಿದರು. ಮುಂದಿನ ಸಭೆ ಎಂದರೆ ಮತ್ತೆ ಮೂರು ವಾರ.

ಅವತ್ತು ನಾನು ಅವಳ ಕೈಯನ್ನು ಮತ್ತೊಮ್ಮೆ ಮಸೂರದ ಕೆಳಗಿಟ್ಟೆ. ಯಾರೂ ಇಡು ಎಂದಿರಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳಿನ ಬುಡದಲ್ಲಿ ಎರಡು ಮೂಳೆಗಳ ನಡುವಿನ ಸಂದು ಕಿರಿದಾಗಿತ್ತು. ಮೂರು ವಾರದ ಹಿಂದೆ ಅಲ್ಲಿ ಒಂದು ಬಿಳಿ ಗೆರೆಯಷ್ಟು ಜಾಗವಿತ್ತು. ಈಗ ನುಣುಪಾದ ಹೊದಿಕೆಯಲ್ಲಿ ಇಲಿ ಕಡಿದಂತಹ ಸಣ್ಣ ತೂತುಗಳು ಬಿದ್ದಿದ್ದವು. ಮಾತ್ರೆಗಳು ಪಕ್ಕದ ಕೋಣೆಯ ಕಪಾಟಿನಲ್ಲಿದ್ದವು, ನನ್ನ ಕುರ್ಚಿಯಿಂದ ಹದಿನೆಂಟು ಹೆಜ್ಜೆ. ನನಗೆ ಅಲ್ಲಿಯವರೆಗೆ ಬಾರದಿದ್ದ ಸಿಟ್ಟು ಆಗ ಬಂತು. ಇಷ್ಟು ವರ್ಷ ಎಲ್ಲಿತ್ತು ಅದು ಎಂದು ಕೇಳಿಕೊಳ್ಳಲೂ ಪುರುಸೊತ್ತಿರಲಿಲ್ಲ.

“ಹೊರಗಿನ ಆಸ್ಪತ್ರೆಗೆ ಕರ್ಕೊಂಡು ಹೋಗಬಾರದಾ?” ಎಂದು ಮಹಾರುದ್ರಪ್ಪನನ್ನು ಕೇಳಿದೆ.

“ನಮ್ಮ ಚಿಗಪ್ಪ ಹೋಗಿದ್ದರಲ್ಲ ಮೇಡಂ. ಮೊಣಕಾಲು ನೋಡಿದ ಡಾಕ್ಟ್ರು ಇನ್ನೂ ಇಪ್ಪತ್ತು ಡಾಕ್ಟ್ರುಗಳನ್ನ ಕರೆದರಂತೆ. ಅವರು ಮತ್ತಿಪ್ಪತ್ತು ಜನನ್ನ. ಎಂಟು ದಿನ ಎಲ್ಲಾರೂ ನೋಡಿದರು, ಒಬ್ಬರೂ ಔಷಧ ಕೊಡಲಿಲ್ಲ. ವಾಪಸ್ ಬಂದುಬಿಟ್ಟರು.”

ಸರಿ, ಕಳ್ಳನಿದ್ದರೆ ನಾನೇ ಹಿಡಿಯುತ್ತೇನೆ ಎಂದು ಹೊರಟೆ. ಮೂರು ದಿನ, ಬೆಳಕು ಚೆನ್ನಾಗಿರುವ ಹನ್ನೊಂದರಿಂದ ಮೂರರವರೆಗೆ, ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಹದಿನಾಲ್ಕು ಕೀಲುಗಳನ್ನೂ ಚೌಕ ಚೌಕ ಭಾಗ ಮಾಡಿ ನೋಡಿದೆ. ಮುಳ್ಳಿಲ್ಲ, ಹರಳಿಲ್ಲ, ಹಳೆಯ ಪೆಟ್ಟಿನ ಚೂರಿಲ್ಲ. ಸೂಜಿಯಿಂದ ಮಣಿಕಟ್ಟಿನ ನೀರು ಒಂದು ತೊಟ್ಟು ತೆಗೆದು ಬಣ್ಣ ಹಾಕಿ ನೋಡಿದೆ, ರೋಗಾಣುವಿಲ್ಲ. ಬೆಳೆಸಿ ನೋಡಿದೆ, ಒಂದು ವಾರ ಕಾದರೂ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ.

“ಏನು ಕಾಣ್ತದವ್ವ?” ಎಂದು ಕೊಟ್ರಮ್ಮ ಆಗಾಗ ಕೇಳುತ್ತಿದ್ದಳು.

“ಜಗಳ ಮಾಡ್ತಿದಾರೆ.”

“ಯಾರ ಜೊತೆ?”

“ನಿನ್ನ ಜೊತೆನೇ. ನಿನ್ನ ಮನೇನ ಬೇರೆಯವರ ಮನೆ ಅಂದ್ಕೊಂಡು ಬಾಗಿಲು ಒಡೀತಿದಾರೆ.”

“ಎಲ್ಲಾರೂನಾ?”

ಈ ಪ್ರಶ್ನೆ ಕೇಳಬೇಕೆಂದು ನನಗೆ ಹನ್ನೊಂದು ವರ್ಷದಲ್ಲಿ ಹೊಳೆದಿರಲಿಲ್ಲ. ಮತ್ತೆ ನೋಡಿದೆ. ಎಲ್ಲರೂ ಇರಲಿಲ್ಲ. ಪೊರೆಯ ಅಂಚಿನಲ್ಲಿ, ಹುಟ್ಟಿದಾಗಿನಿಂದ ಅಲ್ಲೇ ಇರುವ ಕೆಲವು ಕಣಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಮಲಗಿದ್ದವು. ಬಂದವರನ್ನು ತಡೆಯುತ್ತ, ಸತ್ತವರನ್ನು ಎತ್ತಿಹಾಕುತ್ತ, ಗಲಾಟೆಯನ್ನು ತಣಿಸುವ ಕೆಲಸ ಮಾಡುತ್ತಿದ್ದವು. ಸಾಲು ಅಲ್ಲಲ್ಲಿ ಹರಿದಿತ್ತು. ನಾನು ಇವರನ್ನೂ ಇನ್ನೂರ ಅರವತ್ತರಲ್ಲಿ ಸೇರಿಸಿ ಎಣಿಸಿದ್ದೆ. ಅವಳನ್ನು ಕಾಪಾಡುತ್ತಿದ್ದವರನ್ನೂ ಅವಳ ವಿರುದ್ಧದ ಸಾಕ್ಷಿಯಾಗಿ ಬರೆದಿದ್ದೆ. ನನ್ನ ಶುದ್ಧ ಎಣಿಕೆಯ ಯೋಗ್ಯತೆ ಇದು.

ಪಾಲಾಕ್ಷಯ್ಯನವರನ್ನು ಕರೆದು, “ಒಂದು ಸಲ ನೀವೇ ನೋಡಿ ಸಾರ್,” ಎಂದು ಕುರ್ಚಿ ಬಿಟ್ಟು ಎದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಛೆ ಛೆ. ಸಮಿತಿಯವರು ಪರರ ಕೀಲಿನೊಳಗೆ ಇಣುಕಬಾರದು. ಮರ್ಯಾದೆಯಲ್ಲ.”

“ಒಳಗೆ ಏನೂ ಇಲ್ಲ ಸಾರ್. ಕಳ್ಳನೇ ಇಲ್ಲ.”

“ನಿಮಗೆ ಕಾಣಲಿಲ್ಲ ಅನ್ನಿ.”

“ಕಾಣುವಂಥದ್ದು ಇಲ್ಲ.”

“ನೋಡಿ ವನಮಾಲಾ, ನೀವು ಓದಿದವರು. ಇಷ್ಟು ಜನ ಹುಡುಕ್ತಾ ಇದಾರೆ, ನೀವೂ ಹುಡುಕಿದಿರಿ, ಆದರೂ ಸಿಗಲಿಲ್ಲ ಅಂದರೆ ಆಕೆ ಎಷ್ಟು ಚೆನ್ನಾಗಿ ಬಚ್ಚಿಟ್ಟಿರಬೇಕು!”

ಇದನ್ನು ಅವರು ದುರುದ್ದೇಶದಿಂದ ಹೇಳಲಿಲ್ಲ. ಅದೇ ನನ್ನನ್ನು ಇನ್ನೂ ಕೆರಳಿಸಿತು. ಕೆಟ್ಟ ಮನುಷ್ಯನಾಗಿದ್ದರೆ ಬೈದು ಹಗುರಾಗಬಹುದಿತ್ತು. ಕಂಡರೆ ತಪ್ಪಿತಸ್ಥೆ, ಕಾಣದಿದ್ದರೆ ಚಾಲಾಕಿ ತಪ್ಪಿತಸ್ಥೆ. ಇಂಥ ತರ್ಕವನ್ನು ಒಬ್ಬ ಪ್ರಾಮಾಣಿಕ ಮನುಷ್ಯ ಕರವಸ್ತ್ರ ಮಡಚುತ್ತ, ಸಮಾಧಾನವಾಗಿ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳುತ್ತಾನೆ!

ಎರಡನೇ ಸಭೆಯಲ್ಲಿ, ಒಳಗೆ ಕಳ್ಳನಿಲ್ಲ ಎಂಬುದನ್ನೇ ಎದ್ದುನಿಂತು ಹೇಳಿದೆ. ಕಾಲೇಜಿನ ಮಾತು ಎಂದರು ಮೇಷ್ಟ್ರು. ಕೊಟ್ರಮ್ಮ ಹೊಸದೇನೂ ತಂದಿರಲಿಲ್ಲ. ಮತ್ತೆ ಮೂರು ವಾರ.

ಆ ಹೊತ್ತಿಗೆ ಅವಳು ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಕೂದಲು ಬಾಚಲು, ಸೀರೆಯ ನೆರಿಗೆ ಹಿಡಿಯಲು ಪಕ್ಕದ ಮನೆಯವಳು ಬರುತ್ತಿದ್ದಳು. ಮಹಾರುದ್ರಪ್ಪ ಹೊಲಿದ ಅಂಗಿಗಳು ಗುಂಡಿಯಿಲ್ಲದೆ ರಾಶಿ ಬಿದ್ದಿದ್ದವು. ಉಳಿದ ಟೈಲರುಗಳು ಬೇರೆ ಕಾಜಾದವಳನ್ನು ಹುಡುಕಿಕೊಂಡರು. ಮಬ್ಬಾದ ಕೈ ಮುಟ್ಟಿದ ಅಂಗಿಯನ್ನು ಗಿರಾಕಿಗಳು ಬೇಡವೆನ್ನುತ್ತಾರೆಂದು ಹೇಳಿ ಕಳಿಸಿದರು. ಶಾಂತಪ್ಪ ಸಂಕಟಪಟ್ಟು ತಾನಾಗಿಯೇ ಒಂದು ಕರಡು ಬರೆದು ಅವರ ಮನೆಗೆ ತಂದುಕೊಟ್ಟ. ನಾನು ಆಗ ಅಲ್ಲೇ ಇದ್ದೆ.

“ಅತ್ತೆನ ನಾನೇ ಕೊಂದೆ ಅಂತ ಬರೆದೀನಿ,” ಎಂದ, ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳುವ ದನಿಯಲ್ಲಿ. “ಔಷಧ ಹೆಚ್ಚು ಕುಡಿಸಿದೆ ಅಂತ. ಸಾಮಾನ್ಯವಾಗಿ ಇನ್ನೂರರ ಮೇಲಿನದಕ್ಕೆ ಅತ್ತೆ ಸರಿಹೋಗ್ತಾಳೆ. ಸತ್ತು ವರ್ಷ ಎಂಟಾಯ್ತು, ಯಾರೂ ವಿಚಾರಣೆಗೆ ಬರಲ್ಲ.”

ಮಹಾರುದ್ರಪ್ಪ ನೆಲ ನೋಡುತ್ತ, “ಹೇಳಿಬಿಡೇ ಕೊಟ್ರಿ,” ಎಂದ. “ಅವ್ವ ಏನೂ ಅಂದ್ಕಳಲ್ಲ.”

ಅವಳು ಎರಡೂ ಕೈಗಳನ್ನು ಗಂಡನ ಮುಂದೆ ಚಾಚಿದಳು.

“ಆರು ವರ್ಷ ಮಲಗಿದಲ್ಲೇ ಇದ್ದಳು ನಿಮ್ಮವ್ವ. ಈ ಕೈಲೇ ಉಣಿಸೀನಿ, ಈ ಕೈಲೇ ಮಗ್ಗುಲು ಬದಲಿಸೀನಿ, ಈ ಕೈಲೇ ಬಳಿದೀನಿ. ಈ ಕೈ ಉಳಿಸಿಕೊಳ್ಳಾಕೆ, ಈ ಕೈಯೇ ಕೊಂದಿತು ಅಂತ ಬರೀಬೇಕಾ?”

“ನನಗೆ ಗೊತ್ತಲ್ಲೇ ನಿಜ.”

“ಸಂತೆಗೆ ಗೊತ್ತಾ? ಕಟ್ಟೆ ಮೇಲೆ ಓದಿದ ಮೇಲೆ ನಿಮ್ಮ ಅಕ್ಕತಂಗೀರು ಈ ಮನೆ ನೀರು ಕುಡೀತಾರಾ?”

ಶಾಂತಪ್ಪ ಕರಡನ್ನು ಅಂಗಿಗಳ ರಾಶಿಯ ಮೇಲಿಟ್ಟು ಹೋದ.

ಎಂಟನೇ ವಾರ ಅವಳೇ ಕಚೇರಿಗೆ ಬಂದು ನನ್ನ ಮುಂದೆ ಆ ಕಾಗದ ಹಿಡಿದಳು. ಅಂಗೈಗಳ ನಡುವೆ, ಲೋಟ ಹಿಡಿದಂತೆ ಹಿಡಿದಿದ್ದಳು. “ರುಜು ಮಾಡಾಕೆ ಆಗವಲ್ದು ಕಣವ್ವ. ಹೆಬ್ಬೆಟ್ಟು ಒತ್ತಿದರೆ ನಡೀತದಾ?” ಎಂದು ಕೇಳಿದಳು. ಸೋತವಳ ದನಿ ಕೂಡ ಇರಲಿಲ್ಲ. ಲೆಕ್ಕ ಮುಗಿಸಿದವಳ ದನಿ. ನಡೆಯುತ್ತದೆ ಎಂದೆ. ನಿಯಮದಲ್ಲಿ ಹಾಗೆಯೇ ಇತ್ತು. ಅವಳು ಹೋದ ಮೇಲೆ ನಿಯಮಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಅಷ್ಟು ವರ್ಷ ಅದರಲ್ಲಿ ಎಣಿಕೆಯ ಅಧ್ಯಾಯವೊಂದನ್ನೇ ಓದಿದ್ದೆ.

ಮೂರನೇ ಸಭೆಗೆ ಅವಳು ತಲೆಗೆ ಸೆರಗು ಹೊದ್ದು ಬಂದಳು. ಹೆಬ್ಬೆಟ್ಟಿನ ಶಾಯಿಯ ಪೆಟ್ಟಿಗೆಯನ್ನು ಮಹಾರುದ್ರಪ್ಪ ಹಿಡಿದಿದ್ದ. ಪಾಲಾಕ್ಷಯ್ಯನವರು ಹೆಸರು ಕರೆದ ಕೂಡಲೆ ನಾನು ಎದ್ದು, ಈ ಕೀಲುಗಳ ಹೇಳಿಕೆ ನನ್ನ ಬಳಿ ಇದೆ ಎಂದೆ.

“ನಿಮ್ಮ ಬಳಿ ಹೇಗೆ?”

“ನಿಯಮ ಏಳು, ದಯವಿಟ್ಟು ಓದಿ ಸಾರ್.”

ಅವರು ಕರವಸ್ತ್ರ ಬಿಚ್ಚಿ ಓದಿದರು. “ಮಬ್ಬಾದ ಕೀಲಿನ ಎಣಿಕೆಯೊಂದಿಗೆ, ಸದರಿ ಕೀಲಿಗೆ ಸಂಬಂಧಿಸಿದ, ಅದುವರೆಗೆ ಮುಚ್ಚಿಟ್ಟಿದ್ದ ತಪ್ಪಿನ ಹೇಳಿಕೆ ಇರತಕ್ಕದ್ದು.”

“ಯಾರ ತಪ್ಪು ಅಂತ ಇದೆಯೇ?”

ಅವರು ಮತ್ತೊಮ್ಮೆ ಓದಿದರು. ಮೂರನೇ ಸಲ ಬೆರಳಿಟ್ಟು ಓದಿದರು. ಇರಲಿಲ್ಲ. ಯಾರ ತಪ್ಪೆಂದು ಬರೆಯುವ ಅಗತ್ಯ ಮುತ್ತಜ್ಜಂದಿರಿಗೆ ಕಂಡಿರಲಿಲ್ಲ. ಆಗ ನನ್ನ ಹೇಳಿಕೆ ಓದಿದೆ. ಹನ್ನೊಂದು ವರ್ಷಗಳಲ್ಲಿ ಇನ್ನೂರ ಹನ್ನೆರಡು ಜನರ ಕೀಲುಗಳನ್ನು ನಾನು ನೋಡಿದ್ದೇನೆ. ಅವರಲ್ಲಿ ಮೂವತ್ತೊಂದು ಜನರಿಗೆ ಮುಳ್ಳು, ಕೀವು ಅಥವಾ ಹಳೆಯ ಪೆಟ್ಟು ಇತ್ತು. ಉಳಿದ ನೂರ ಎಂಬತ್ತೊಂದು ಜನರ ಕೀಲುಗಳಲ್ಲಿ ಕಾವಲಿನವರ ಹೊರತು ನನಗೆ ಯಾರೂ ಕಾಣಲಿಲ್ಲ. ಕಾಣಲಿಲ್ಲ ಎಂಬುದನ್ನು ನಾನು ಬರೆಯಲಿಲ್ಲ. ಕಾವಲಿನವರು ದಾರಿ ತಪ್ಪಿದ್ದಾರೆ ಎಂದು ಓದಿನಿಂದ ಗೊತ್ತಿದ್ದೂ ಹೇಳಲಿಲ್ಲ. ಅಂಕಿ ಬರೆದು ಕೊಟ್ಟೆ. ಅಂಕಿಗೆ ತಕ್ಕಂತೆ ಜನ ತಮ್ಮ ಮೇಲೆ ಸುಳ್ಳು ಹೇರಿಕೊಂಡರು. ಕೊಟ್ರಮ್ಮನ ಹದಿನಾಲ್ಕು ಕೀಲುಗಳ ಹಿಂದೆ ಮುಚ್ಚಿಟ್ಟ ತಪ್ಪು ಇದು. ಇದು ನನ್ನದು.

ಕೊಟ್ರಮ್ಮ ಸೆರಗು ಸರಿಸಿ ನನ್ನ ಮುಖ ನೋಡುತ್ತಿದ್ದಳು. ನಿಯಮವನ್ನೇ ಪ್ರಶ್ನಿಸಿದ್ದೇನಲ್ಲ, ಇನ್ನು ಮೇಲಾದರೂ ಒಬ್ಬರು ಎದ್ದು ಮಸೂರದ ಹತ್ತಿರ ಬರುತ್ತಾರೆ ಎಂದುಕೊಂಡಿದ್ದೆ. ಮೇಷ್ಟ್ರು ಬಾಯಿ ತೆರೆದರು.

“ತಪ್ಪು ಭಾರಿಯೇ,” ಎಂದರು. ಅವರ ಮುಖದಲ್ಲಿ ಸಮಾಧಾನವಿತ್ತು. “ಇನ್ನೂರ ಅರವತ್ತಕ್ಕೆ ಸರಿಯಾಗಿ ಹೊಂದ್ತದೆ.”

“ಹೌದು,” ಎಂದರು ಪಾಲಾಕ್ಷಯ್ಯನವರು ನಿಧಾನವಾಗಿ. “ನೋಡಿದಿರಾ, ಕಾವಲಿನವರು ಸುಮ್ಮನೆ ಸೇರಲಿಲ್ಲ. ಈಯಮ್ಮನ ಕೈಯಲ್ಲಿ ಕೂತು ನಿಮ್ಮ ತಪ್ಪನ್ನ ತೋರಿಸಿದರು. ನಾವೇ ತಪ್ಪು ದಿಕ್ಕಿನಲ್ಲಿ ಹುಡುಕ್ತಿದ್ದೆವು.”

ನಾನು ಆ ನಂಬಿಕೆಯನ್ನು ಒಡೆಯಲು ಎತ್ತಿದ ಕಲ್ಲನ್ನು ಕಸಿದುಕೊಂಡು ಅದೇ ಗೋಡೆಗೆ ಸೇರಿಸಿ ಗಾರೆ ಹಾಕಿಬಿಟ್ಟರು. ಅಲ್ಲ, ಹಾಗಲ್ಲ ಎಂದು ಕೂಗಬೇಕೆಂದು ಬಾಯಿಯವರೆಗೆ ಬಂತು. ಕೂಗಿದ್ದರೆ ಹೇಳಿಕೆ ತಿರಸ್ಕಾರವಾಗುತ್ತಿತ್ತು. ಅವರು ಚೀಟಿಗೆ ಮೊಹರು ಒತ್ತುವವರೆಗೆ ಹಲ್ಲು ಕಚ್ಚಿಕೊಂಡು ನಿಂತೆ. ನನ್ನನ್ನು ಕೆಲಸದಿಂದ ತೆಗೆದ ಆದೇಶವನ್ನು ಆಮೇಲೆ ಬರೆದರು. ಕೊಟ್ರಮ್ಮ ಶಾಂತಪ್ಪನ ಕಾಗದವನ್ನು ಗಂಡನ ಜೇಬಿನಿಂದ ಹಲ್ಲಿನಲ್ಲಿ ಕಚ್ಚಿ ಎಳೆದು, ಕಸದ ಬುಟ್ಟಿಗೆ ಉಗುಳಿದಳು.

ವಾರಕ್ಕೊಮ್ಮೆ ನುಂಗುವ ಆ ಹಳದಿ ಮಾತ್ರೆ ಒಳಗಿನ ಗಲಾಟೆಯನ್ನು ತಣಿಸಲು ಎರಡು ತಿಂಗಳು ತೆಗೆದುಕೊಂಡಿತು. ಆದರೆ ನನ್ನ ಹೇಳಿಕೆಯನ್ನು ಓದಲು ಅವರು ಎರಡು ದಿನವನ್ನೂ ತೆಗೆದುಕೊಳ್ಳಲಿಲ್ಲ. ಮರುದಿನವೇ ಸಂತೆ. ಕಟ್ಟೆಯ ಮೇಲೆ ನನ್ನ ಹೆಸರು, ತಂದೆಯ ಹೆಸರು, ಓದು, ಎಲ್ಲವನ್ನೂ ಓದಿದರು. ಇನ್ನೂರ ಹನ್ನೆರಡು ಜನರಲ್ಲಿ ಬದುಕಿದ್ದವರು ಹೆಚ್ಚುಕಡಿಮೆ ಅಲ್ಲೇ ಇದ್ದರು. ನಿಯಮದ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಂದು ಕಾದೆ. ಅವರೆಲ್ಲ ನನ್ನನ್ನು ನೋಡುತ್ತಿದ್ದರು. ಒಬ್ಬಳು ನನ್ನ ಕಾಲ ಬಳಿ ಉಗಿದಳು. ಅವಳ ಎಣಿಕೆ ಎಪ್ಪತ್ತೆರಡು; ಮದುವೆಗೆ ಮುಂಚೆ ಒಬ್ಬನನ್ನು ಬಯಸಿದ್ದೆ ಎಂದು ಬರೆಸಿದ್ದಳು, ಗಂಡ ಇಂದಿಗೂ ಆ ಒಬ್ಬನ ಹೆಸರು ಕೇಳುತ್ತಾನೆ. ಅಂಥವನು ಯಾರೂ ಇರಲಿಲ್ಲವಂತೆ.

ಜನ ಕರಗಿದ ಮೇಲೆ ಒಬ್ಬ ಮುದುಕ ನನ್ನ ಎದುರು ಬಂದು ನಿಂತ. ದ್ಯಾಮಣ್ಣ ಎಂದು ಹೆಸರು ಹೇಳಿದ. ಮುಖ ನನಗೆ ನೆನಪಾಗಲಿಲ್ಲ, ಅವನ ಮೊಣಕಾಲಿನ ಎಣಿಕೆ ನೆನಪಾಯಿತು: ನೂರ ನಲವತ್ತು, ಒಂಬತ್ತು ವರ್ಷದ ಹಿಂದೆ.

“ತಮ್ಮನ ಎತ್ತುಗಳಿಗೆ ವಿಷ ಹಾಕಿದೆ ಅಂತ ಹೇಳಿದ್ದೆ ಕಣವ್ವ,” ಎಂದ. “ಅದೇ ವರ್ಷ ಎರಡೂ ಸತ್ತಿದ್ದವು, ಹೊಂದ್ತದೆ ಅಂದರು. ನಾನು ಹಾಕಿರಲಿಲ್ಲ. ಆದರೆ ಓದಿದ ಮೇಲೆ ಕೇಳ್ತಾ ಕೇಳ್ತಾ, ಹಾಕಿದ್ದೆನೇನೋ ಅನ್ನಿಸಿಬಿಡ್ತು. ಎಷ್ಟೋ ಸಲ ಕೈ ತೊಳಕೊಂಡೀನಿ.”

“ತಪ್ಪಾಯ್ತು ಅಜ್ಜ.”

“ನನಗೆ ಹೇಳಿದರೆ ಏನು ಬಂತು? ನಡಿ.”

ಸಂತೆಯ ಹಿಂದಿನ ಓಣಿಯಲ್ಲಿ ತಮ್ಮನ ಮನೆ. ಒಂಬತ್ತು ವರ್ಷದಿಂದ ದ್ಯಾಮಣ್ಣ ಆ ಓಣಿಗೆ ಕಾಲಿಟ್ಟಿರಲಿಲ್ಲವಂತೆ. ಮೂರು ಮೆಟ್ಟಿಲು ಹತ್ತಲು ಅವನಿಗೆ ನನ್ನ ಭುಜ ಬೇಕಾಯಿತು. ತಮ್ಮ ಅಡಿವೆಪ್ಪ ಬಾಗಿಲನ್ನು ಅರ್ಧ ತೆರೆದು, ಅಣ್ಣನನ್ನು ನೋಡದೆ ನನ್ನನ್ನೇ ನೋಡಿ, “ಏನು?” ಎಂದ.

ನಾನು ಯಾರೆಂದು ಹೇಳಿದೆ. ಅವತ್ತು ಈ ಮೊಣಕಾಲಿನಲ್ಲಿ ನಾನು ಏನು ನೋಡಿದೆ, ಏನು ನೋಡಲಿಲ್ಲ ಎಂದು ಹೇಳಿದೆ. ಅದರಲ್ಲಿ ತಪ್ಪಿನ ಗುರುತು ಯಾವುದೂ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ ಎಂದೆ. ಅಡಿವೆಪ್ಪ ಮುಗಿಯುವವರೆಗೆ ಕೇಳಿದ.

“ಹಂಗಾರೆ ನನ್ನ ಎತ್ತು ಯಾತಕ್ಕೆ ಸತ್ತವು?” ಎಂದು ಕೇಳಿದ.

“ಗೊತ್ತಿಲ್ಲ,” ಎಂದೆ.

“ಗೊತ್ತಿಲ್ಲ ಅಂದರೆ?”

“ಗೊತ್ತಿಲ್ಲಪ್ಪ. ನನಗೆ ಗೊತ್ತಿಲ್ಲ.”

ಆ ಮಾತನ್ನು ನಾನು ಆ ಊರಿನಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ, ನನ್ನ ಬಾಯಿಂದ ಕೂಡ. ಅಡಿವೆಪ್ಪ ಬಾಗಿಲು ಮುಚ್ಚಲಿಲ್ಲ, ಪೂರ್ತಿ ತೆರೆಯಲೂ ಇಲ್ಲ. ದ್ಯಾಮಣ್ಣ ನಿಲ್ಲಲಾರದೆ ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ಒಬ್ಬ ಹೆಂಗಸು, “ಯಾರ್ರೀ ಬಂದಿರೋದು?” ಎಂದು ಕೇಳಿದಳು. ಅಡಿವೆಪ್ಪ ಅಣ್ಣನ ಬೆನ್ನನ್ನು ನೋಡುತ್ತ ನಿಂತಿದ್ದ.